ಒಂದೇ ಒಂದು ಕಣ್ಣು

ಬೆಳಗಿನ ಬಿಸಿಲು ಎಲೆಗಳ ಸಂದಿಯಿಂದ ಜಾರಿ ಅವಳ ಮಣಿಕಟ್ಟಿನ ಮೇಲೆ ಬಿತ್ತು, ಬೆಚ್ಚಗೆ, ಸ್ವಲ್ಪ ಹೊತ್ತು ಅಲ್ಲೇ ಕೂತಿತು, ಕದಲಿಸಿದರೆ ಎದ್ದು ಹೋದೀತೆಂದು ಅವಳೂ ಕೈ ಕದಲಿಸಲಿಲ್ಲ — ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಷ್ಟು ಹೊತ್ತಾಯಿತೋ, ಕಾಲು ಜೋಮು ಹಿಡಿದಿದೆ, ಬಲಗೈಯಲ್ಲಿ ಕಸಿ ಕಟ್ಟುವ ಚಾಕು, ಎದುರಿಗೆ ಈ ಹಸಿರಿನ ದೊಂಬಿ, ಆಳೆತ್ತರ, ಗೊಂಚಲು ಗೊಂಚಲು ಬಿಳಿ ಹೂವು, ಹಿತ್ತಿಲಾಚೆಯ ದಾರಿಯಲ್ಲಿ ಹೋಗುವವರು ನಿಂತು ಆಹಾ ಎನ್ನುತ್ತಾರೆ, ಪಕ್ಕದ ಮನೆಯವರಂತೂ ಎಂಥಾ ಕೈಗುಣ ರೀ ನಿಮ್ಮದು ಎಂದು ಹೊಗಳಿ ಹೋದರು, ಏನು ಹೇಳುವುದು ಅವರಿಗೆ, ಇದು ಆ ಗುಲಾಬಿ ಅಲ್ಲ, ಗಂಡನ ಮೊದಲ ಹೆಂಡತಿ, ಹುಡುಗಿಯ ಅಮ್ಮ, ಬದುಕಿದ್ದಾಗ ಕೈಯಾರೆ ಕಸಿ ಕಟ್ಟಿದ ಹಳದಿ ಗುಲಾಬಿ ಅಲ್ಲ, ಅದಕ್ಕೆ ಬೇರು ಕೊಟ್ಟ ಕಾಡುಗುಲಾಬಿ ಇದು, ಬುಡದಿಂದ ಚಿಗುರೊಡೆದು, ಸಾರವನ್ನೆಲ್ಲ ತಾನೇ ಉಂಡು, ಮೇಲಿನದಕ್ಕೆ ಒಂದು ತುತ್ತೂ ಬಿಡದೆ ಸೊರಗಿಸಿದೆ — ಹಳದಿಯದು ಎಲ್ಲಿದೆ ಎಂದು ಹುಡುಕಬೇಕು, ನಡುವೆ ಎಲ್ಲೋ ಒಂದು ಕಡ್ಡಿ, ತುದಿಯಿಂದ ಕಪ್ಪಾಗುತ್ತ ಬರುತ್ತಿದೆ, ಬೆರಳುದ್ದ ಮಾತ್ರ ಹಸಿರು, ಅದರಲ್ಲಿ ಒಂದು ಕಣ್ಣು, ಒಂದೇ ಒಂದು. ನರ್ಸರಿಯವರ ಮಾತಿನಲ್ಲಿ ಕಣ್ಣೆಂದರೆ ಚಿಗುರಾಗಲಿರುವ ಪುಟ್ಟ ಉಬ್ಬು, ಅದೊಂದಿದ್ದರೆ ಇಡೀ ಗಿಡ ಇದ್ದಹಾಗೆ, ಅದು ಹೋದರೆ ಮುಗಿಯಿತು.

ಯಾರನ್ನು ಬೈಯುವುದು, ಯಾರೂ ಏನೂ ಮಾಡಲಿಲ್ಲ, ಅದೇ ಆದದ್ದು, ಆಕೆ ತೀರಿಕೊಂಡ ಮೇಲೆ ಈ ಗಿಡಕ್ಕೆ ಕತ್ತರಿ ಇಡಲು ಮನೆಯಲ್ಲಿ ಯಾರಿಗೂ ಮನಸ್ಸು ಬರಲಿಲ್ಲ, ಅವಳು ನೆಟ್ಟಿದ್ದು ಕಣೇ, ಹೇಗೆ ಕತ್ತರಿಸಲಿ ಅಂತ ಗಂಡ, ತಾನು ಎರಡನೆಯವಳಾಗಿ ಮದುವೆಯಾಗಿ ಬಂದ ಹೊಸತರಲ್ಲಿ, ಮುಖ ಆಚೆ ತಿರುಗಿಸಿಕೊಂಡು — ಸಾವಿಗೆ ಅತ್ತವರ ಮನೆಯಲ್ಲಷ್ಟೇ ಆಗುವ ತಪ್ಪು, ಮುಟ್ಟದೆ ಕಾಪಾಡಿದರು, ಮುಟ್ಟದ್ದಕ್ಕೇ ಸಾಯುತ್ತಿದೆ. ಆಕೆಯನ್ನು ನೋಡಿದ್ದಿಲ್ಲ, ಆಕೆಯ ಕಸಿಯ ಗಾಯ ನೋಡಿದ್ದಾಳೆ, ನೀಟಾಗಿ ಮಾಗಿದೆ, ಒಳ್ಳೆಯ ಕೈ, ಇಬ್ಬರೂ ಒಂದೇ ಕಾಲದಲ್ಲಿ ಸಿಕ್ಕಿದ್ದರೆ ಗೊಬ್ಬರದ ಚೀಲದ ಮೇಲೆ ಕೂತು ಸಂಜೆಯವರೆಗೂ ಹರಟುತ್ತಿದ್ದರೇನೋ, ಅಥವಾ ತಾನು ಕೆಲಸ ಮಾಡುವ ನರ್ಸರಿಗೆ ಬರುವವರನ್ನು ಆಡಿಕೊಂಡು ನಗುತ್ತಿದ್ದರೇನೋ, ಬೇಗ ಬೆಳೀಬೇಕು, ಒಳ್ಳೆ ನೆರಳಿರಬೇಕು, ಎಲೆ ಉದುರಬಾರದು, ಬೇರು ಕಾಂಪೌಂಡಿನ ಹತ್ರ ಸುಳೀಬಾರದು, ಅಂಥ ಮರ ಇದೆಯೇನಮ್ಮ, ಇದೆ ಸಾರ್, ಅದಕ್ಕೆ ಛತ್ರಿ ಅಂತಾರೆ — ಹಾಗೆ ಊರಿಗೆಲ್ಲ ಮರ ಆರಿಸಿಕೊಡುವವಳು ತನ್ನ ಸರದಿ ಬಂದಾಗ ಈ ಮನೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದಷ್ಟೇ ನೋಡಿ ಒಪ್ಪಿಬಿಟ್ಟಳು, ಮಣ್ಣು ಕೆದಕಿ ನೋಡಲಿಲ್ಲ, ಅಲ್ಲೊಬ್ಬ ಹುಡುಗಿ ಆಗಲೇ ಬೇರು ಬಿಟ್ಟು ಕೂತಿದ್ದಳು, ನಿಮಗೆ ಫೋನ್ ಬಂದಿತ್ತು, ನೀವು ಮೊದಲು ಊಟ ಮಾಡಿ, ಎಲ್ಲಕ್ಕೂ ನೀವು, ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಹೇಳುವಂಥ ನೀವು, ಜಗಳದಲ್ಲೂ ನೀವು, ಅವತ್ತು ಬುಡದ ಚಿಗುರೊಂದನ್ನು ಕತ್ತರಿಸಿದ್ದಕ್ಕೆ ಓಡಿಬಂದು ನಮ್ಮಮ್ಮನ ಗಿಡ ಮುಟ್ಟಬೇಡಿ ಎಂದು ಚೀರಿದಾಗಲೂ — ಆ ಚಿಗುರನ್ನು ಎತ್ತಿಕೊಂಡು ಹೋಗಿ ಲೋಟದ ನೀರಿನಲ್ಲಿಟ್ಟಳು, ಅಮ್ಮನದಲ್ಲದ ಚಿಗುರನ್ನು, ನೀನು ದಿನಾ ನೀರೆರೆದು ಮುದ್ದು ಮಾಡುತ್ತಿರುವುದು ನಿನ್ನಮ್ಮನದಲ್ಲ ಎಂದು ಹೇಗೆ ಹೇಳುವುದು, ಅದೂ ತಾನು.

ಹಿತ್ತಿಲ ಬಾಗಿಲು ಕಿರುಗುಟ್ಟಿತು, ಹುಡುಗಿ, ರಜೆಯ ದಿನದ ಕೆದರಿದ ಕೂದಲು, ನೋಟವೆಲ್ಲ ಚಾಕುವಿನ ಮೇಲೆ, ಏನ್ ಮಾಡ್ತಿದೀರ, ಬಾ ಇಲ್ಲಿ, ಹೇಳ್ತೀನಿ — ಹೇಳಿಬಿಟ್ಟಳು, ಇನ್ನು ಒಂದೆರಡು ದಿನ ಬಿಟ್ಟರೆ ಹೇಳುವುದಕ್ಕೂ ಏನೂ ಉಳಿಯುವುದಿಲ್ಲ, ಇದರ ಎಲೆ ನೋಡು, ಸಣ್ಣದು, ಮಂಕು, ನಿಮ್ಮಮ್ಮನದು ಅಗಲ, ಹೊಳಪು, ನೆನಪಿದೆಯಾ. ಹುಡುಗಿ ಕಪ್ಪಾದ ಕಡ್ಡಿಯನ್ನೇ ನೋಡಿದಳು, ಹಾಗಾದ್ರೆ ಇಷ್ಟು ದಿನ ನಾನು ನೀರು ಹಾಕಿದ್ದು, ಬೇರಿಗೆ ಕಣೇ, ನಿಮ್ಮಮ್ಮನೇ ಆರಿಸಿದ ಬೇರು ಅದು, ಒಂದು ಹನಿಯೂ ದಂಡ ಆಗಿಲ್ಲ, ಈ ಕಣ್ಣು ಕಿತ್ತು ಅದರ ಹೊಸ ಚಿಗುರಿನ ಸಿಪ್ಪೆಯೊಳಗೆ ಕೂರಿಸಬೇಕು, ಹಿಡಿಯುತ್ತಾ ಎಂದಳು ಹುಡುಗಿ, ಗೊತ್ತಿಲ್ಲ, ಹಿಡೀಲಿಲ್ಲ ಅಂದ್ರೆ, ಇರೋದು ಇದೊಂದೇ, ನಾನು ಬೇಡ ಅಂದ್ರೆ, ಚಾಕು ಮಡಚಿ ಒಳಗೆ ಇಡ್ತೀನಿ. ಒಂದು ದುಂಬಿ ಬಿಳಿ ಹೂವಿನಿಂದ ಬಿಳಿ ಹೂವಿಗೆ ಹೋಯಿತು, ಒದ್ದೆ ಮಣ್ಣಿನ ವಾಸನೆ, ಎಲ್ಲೋ ಬಕೆಟ್ಟು ತುಂಬುವ ಸದ್ದು, ತುಂಬುತ್ತಲೇ ಇದೆ, ಆಮೇಲೆ ಹುಡುಗಿ ಪಕ್ಕದಲ್ಲಿ ಕೂತಳು, ಮೊಣಕಾಲಿಗೆ ಮೊಣಕಾಲು ತಾಗಿತು, ಹ್ಞೂಂ.

ಇಷ್ಟು ವರ್ಷ ನಿದ್ದೆಗಣ್ಣಿನಲ್ಲೂ ಕಸಿ ಕಟ್ಟಿದ ಕೈ, ಇವತ್ತು ಚಾಕುವನ್ನು ಎರಡೆರಡು ಸಲ ಒರೆಸಿಕೊಂಡಿತು, ಅಡ್ಡಕ್ಕೊಂದು ಸೀಳು, ಉದ್ದಕ್ಕೊಂದು, ಸಿಪ್ಪೆ ಸಲೀಸಾಗಿ ಬಿಟ್ಟುಕೊಂಡಿತು, ಒಳಗೆ ಒದ್ದೆ, ತಿಳಿಹಸಿರು, ಈಗ ಆ ಕಡ್ಡಿ, ಕಣ್ಣಿನ ಕೆಳಗೆ ಚಾಕು, ಉಸಿರು ಬಿಗಿಹಿಡಿದು, ಬಂತು, ಒಣಗುವ ಮೊದಲು ಒಳಗೆ, ಕೂತಿತು, ಹಿಡ್ಕೋ ಎಂದಳು, ಹುಡುಗಿ ಹಿಡಿದಳು, ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಕೆಳಗಿನಿಂದ ಸುತ್ತಿಕೊಂಡು ಮೇಲೆ ಬರುತ್ತಿದೆ, ಇನ್ನೊಂದು ಸುತ್ತು, ಪುಟ್ಟ ಬೆರಳೊಂದು ಅಡ್ಡ ಬಂತು, ಕಣ್ಣು ಮುಚ್ಚಬೇಡ ಎಂದಳು ಹುಡುಗಿ — ಯಾರಿಗೆ ಹೇಳಿದಳು, ತನಗೋ, ಕಡ್ಡಿಗೋ, ಆಕೆಗೋ, ಬೇಡಿ ಅಲ್ಲ, ಬೇಡ, ಕೇಳಬಾರದು, ಕೇಳಿದರೆ ತಿದ್ದಿಕೊಂಡುಬಿಟ್ಟಾಳು, ಪಟ್ಟಿಯನ್ನು ಬಳಸಿ ಮೇಲೆ ಒಯ್ದಳು, ಗಂಟು ಹಾಕಿದಳು, ಎರಡು ಸುತ್ತಿನ ನಡುವೆ ಕಣ್ಣು, ಅಕ್ಕಿಕಾಳಿನಷ್ಟು, ಹಸಿರು, ತೆರೆದ ಕಣ್ಣು