ನಾಲ್ಕನೇ ಮಟ್ಟ

"ಮಟ್ಟ ಒಂದೇ ಕಣಮ್ಮ, ಇಲ್ಲಾಂತ ಯಾರು ಹೇಳಿದ್ರು?" ಗುಮಾಸ್ತ ಮಲ್ಲಿಕಾರ್ಜುನಸ್ವಾಮಿ ಕನ್ನಡಕವನ್ನು ಹಣೆಗೇರಿಸಿದರು. "ಆದ್ರೆ ಇದು ಪಿಯುಸಿ ಅಲ್ವಲ್ಲ."

ಚಾಮರಾಜನಗರದ ಆ ಪದವಿ ಕಾಲೇಜಿನ ಪ್ರವೇಶದ ಕಿಟಕಿಯಲ್ಲಿ ಚಾಚಿದ ಕುಮಾರಿಯ ಕೈ ಹಾಗೇ ನಿಂತುಬಿಟ್ಟಿತು. ಹೊಲಿಗೆ ತರಬೇತಿಯ ಎರಡು ಸರ್ಟಿಫಿಕೇಟು ಆ ಕೈಯಲ್ಲಿದ್ದವು. ಒಂದು ಅವಳದು, ಇನ್ನೊಂದು ಪಕ್ಕದ ಮನೆಯ ಮಾನಸಳದು. ಎರಡರ ಮೇಲೂ ನಾಲ್ಕನೇ ಮಟ್ಟ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

"ಸಾ, ಓದ್ಗೂ ಕಸುಬ್ಗೂ ದೇಶಕ್ಕೆಲ್ಲ ಒಂದೇ ಚೌಕಟ್ಟು ಅಂದ್ರು ಟ್ರೈನಿಂಗ್ನೋರು. ಅದ್ರಲ್ಲಿ ನಾಲ್ಕನೇ ಮಟ್ಟ ಪಿಯುಸಿಗೆ ಸಮ ಅಂದ್ರು. ಅಲ್ಲಿಂದ ಡಿಗ್ರಿಗೆ ಅತ್ತಬೋದು ಅಂದ್ರು."

"ಸಮಾನೇ. ಎರಡು ಮನೆ ಮಹಡಿ ಒಂದೇ ಎತ್ತರ ಇರ್ತವೆ. ಹಂಗಂತ ಇಲ್ಲಿಂದ ಅಲ್ಲಿಗೆ ನಡ್ಕೊಂಡು ಹೋಗಕ್ಕಾಯ್ತದಾ? ನಡುವೆ ಬಾಗಿಲಿಲ್ಲ. ಕೆಲವೇ ತಿಂಗಳ ಕೋರ್ಸು ಇದು, ಭಾಷೆ ಇಲ್ಲ, ಬೇರೆ ವಿಷಯ ಇಲ್ಲ. ಪಿಯುಸಿ ಪಾಸ್ ಮಾಡ್ಕೊಂಡು ಬನ್ನಿ."

"ಬಾಗ್ಲೇ ಇಲ್ದ ಮಹಡಿಗೆ ನಮ್ಮನ್ಯಾಕ್ ಸಾ ಅತ್ತುಸುದ್ರಿ?"

"ನಾನಾ ಹತ್ಸಿದ್ದು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಹಿಂದೆ ಜನ ನಿಂತವ್ರೆ, ಪಕ್ಕಕ್ಕೆ ಬಾಮ್ಮ."

ಕುಮಾರಿ ಸರ್ಟಿಫಿಕೇಟುಗಳನ್ನು ಚೀಲಕ್ಕಿಟ್ಟು ಪಕ್ಕಕ್ಕೆ ಬಂದಳು. ತೆರಕಣಾಂಬಿಯ ಅವರ ಬೀದಿಯಲ್ಲಿ ಹೆಣ್ಣುಮಗಳು ಒಬ್ಬಳೇ ಬಸ್ಸು ಹತ್ತುವ ಹಾಗಿಲ್ಲ. ಜೋಡಿ ಇದ್ದರೆ ಓದು, ಜೋಡಿ ಮುರಿದರೆ ಮನೆ. ಇಬ್ಬರೂ ಗುಂಡ್ಲುಪೇಟೆಯ ಪಿಯು ಕಾಲೇಜಿಗೆ ಹೋಗುತ್ತಿದ್ದಾಗ, ತರಬೇತಿ ಕೇಂದ್ರದ ಸುಧಾಕರ್ ಬೀದಿಗೆ ಬಂದು ಈ ಮಟ್ಟಗಳ ಕಥೆ ಹೇಳಿದ್ದ. ಕೈಗೆ ಕೆಲಸ, ಜೊತೆಗೆ ಪಿಯುಸಿಯ ಸಮ. ಕುಮಾರಿ ಮಾರನೇ ದಿನವೇ ಪಿಯುಸಿ ಬಿಟ್ಟು ಹೆಸರು ಕೊಟ್ಟುಬಂದಳು. ಮಾನಸ ಸೈನ್ಸ್ ಓದುತ್ತಿದ್ದಳು, ನರ್ಸ್ ಆಗುವ ಆಸೆ. ಅವಳವ್ವ ರಾಚಮ್ಮ ಒಂದೇ ಮಾತಲ್ಲಿ ತೀರ್ಮಾನಿಸಿದ್ದಳು: "ಕುಮಾರಿ ಎಲ್ಲಿಗೋ ನೀನೂ ಅಲ್ಲಿಗೆ. ಇಲ್ದಿದ್ರೆ ಒಲೆ ಮುಂದೆ ಕೂತ್ಕೊ." ತರಬೇತಿ ಮುಗಿಸಿ ಕೊನೆಗೆ ಇಬ್ಬರೂ ಸೇರಿದ್ದು ಬದನಗುಪ್ಪೆಯ ಗಾರ್ಮೆಂಟ್ಸಿಗೆ. ಅಲ್ಲಿ ಮಟ್ಟ ಕೇಳಿದವರಿಲ್ಲ. ಹೊಲಿದ ಅಂಗಿಗಳ ದಾರದ ತುದಿ ಕತ್ತರಿಸಲು ಕೂರಿಸಿದರು. ಅದಕ್ಕೇ ಇವತ್ತು ಡಿಗ್ರಿ ಕೇಳಿಕೊಂಡು ಬಂದಿದ್ದರು.

ಕುಮಾರಿ ಸುಧಾಕರ್‌ಗೆ ಫೋನು ಮಾಡಿದಳು.

"ನಾನು ಸುಳ್ಳು ಹೇಳಿದ್ನಾ?" ಅವನಿಗೇ ನೋವಾದಂತಿತ್ತು. "ಚೌಕಟ್ಟಲ್ಲಿ ನೋಡು, ಪಿಯುಸಿ ಎಲ್ಲಿದೆಯೋ ನೀನೂ ಅಲ್ಲೇ ಇದೀಯ."

"ಕಾಲೇಜಲ್ಲಿ ಸೇರುಸ್ಕತಾ ಇಲ್ಲ ಸಾ."

"ಅದು ಕಾಲೇಜೋರ್ ವಿಷ್ಯ ಕಣಮ್ಮ. ಅಂದಂಗೆ ಹೊಸ ಬ್ಯಾಚು ಶುರುವಾಗ್ತದೆ, ನಿಮ್ ಬೀದಿಲಿ ಇನ್ಯಾರಾದ್ರೂ ಹೆಣ್ಮಕ್ಳು..."

ಕುಮಾರಿ ಫೋನು ಕತ್ತರಿಸಿದಳು. ಸುಳ್ಳಾಗಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಇದು ಮೊಹರು ಬಿದ್ದ ನಿಜ. ಬೀಗ ಜಡಿದ ಬಾಗಿಲಾದರೆ ಒದೆಯಬಹುದು. ಬಾಗಿಲನ್ನೇ ಇಡದೆ ಗೋಡೆ ಎಬ್ಬಿಸಿ, ಎರಡೂ ಕಡೆ ಒಂದೇ ಸಂಖ್ಯೆ ಬರೆದು, ಸಮಾನತೆ ಕೊಟ್ಟೆವು ಅನ್ನುವವರನ್ನು ಎಲ್ಲಿಂದ ಹಿಡಿಯುವುದು?

ಹೊರಗೆ ಹೊಂಗೆ ಮರದಡಿ ಕಾಯುತ್ತಿದ್ದ ಮಾನಸ ಓಡಿಬಂದಳು. "ಅಪ್ಪಂಗೆ ಫೋನ್ ಮಾಡ್ಬುಟ್ಟೆ ಕಣಕ್ಕ, ಸೀಟಾಯ್ತು ಅಂತ! ಹೋಟ್ಲಲ್ಲಿ ಕೂತಿದ್ದೋರ್ಗೆಲ್ಲ ಟೀ ಕೊಡುಸ್ತಾವ್ನಂತೆ. ನಮ್ಮಪ್ಪ ಪುಟ್ಟಮಾದಯ್ಯನ ಜಂಬ ನೋಡು!"

"ಸೀಟಿಲ್ಲ ಕಣಮ್ಮಿ."

"ತಮಾಸೆ ಮಾಡ್ಬ್ಯಾಡ."

"ಇದು ಪಿಯುಸಿ ಅಲ್ವಂತೆ. ಸಮ ಅಂತೆ, ಆದ್ರೆ ಅಲ್ವಂತೆ."

ಮಾನಸಳ ಮುಖದಲ್ಲಿ ಆ ನಗು ಇನ್ನೂ ಇತ್ತು, ತೆಗೆಯುವುದನ್ನು ಮರೆತವಳ ಹಾಗೆ. ಆಮೇಲೆ ತೀರಾ ಮೆಲ್ಲಗೆ ಕೇಳಿದಳು: "ನನ್ ಓದು ಬುಡ್ಸಕ್ಕೆ ಮುಂಚೆ ಕಾಲೇಜ್ನೋರ ಯಾರ್ನಾದ್ರೂ ಒಂದ್ ಮಾತು ಕೇಳುದ್ಯಾ ಅಕ್ಕ?"

ಕುಮಾರಿ ಕೇಳಿರಲಿಲ್ಲ. ಕೇಳಬೇಕು ಅಂತಲೂ ಹೊಳೆದಿರಲಿಲ್ಲ.

ಬಸ್ ನಿಲ್ದಾಣದವರೆಗೂ ಮಾನಸ ಮುಂದೆ, ಕುಮಾರಿ ಹಿಂದೆ. ತೆರಕಣಾಂಬಿ ಮೇಲೆ ಹೋಗುವ ಗುಂಡ್ಲುಪೇಟೆ ಬಸ್ಸು ಹೊರಡಲು ಗುರುಗುಡುತ್ತಿತ್ತು.

"ಬಾ, ಮನ್ಗೆ ಓಗನ," ಎಂದಳು ಕುಮಾರಿ.

"ನಾನು ತೆರಕಣಾಂಬಿಲಿ ಇಳಿಯಲ್ಲ. ಗುಂಡ್ಲುಪೇಟೆಗೇ ಓಯ್ತಿವ್ನಿ. ಪಿಯು ಕಾಲೇಜಲ್ಲಿ ಮತ್ತೆ ಸೇರುಸ್ಕತಾರಾ ಅಂತ ಕೇಳ್ಬೇಕು."

"ನಾನೂ ಬತ್ತೀನಿ."

"ಬ್ಯಾಡ."

"ಒಬ್ಳೇ ಓದ್ರೆ ನಿಮ್ಮವ್ವ ಸುಮ್ಕೆ ಬುಟ್ಟಾಳಾ ಅಮ್ಮಿ?"

"ಅವ್ವಂಗೆ ನೀನೇ ಯೋಳು."

ಮಾನಸ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು, ಹೊರಗೆ ನೋಡಲಿಲ್ಲ. ಕುಮಾರಿ ಬಿಸಿಲಲ್ಲೇ ನಿಂತಿದ್ದಳು. ಜನ ನುಗ್ಗಿ ಬಸ್ಸು ತುಂಬಿತು. ಸೀಟು ಸಿಗದೆ ಕಂಬಿ ಹಿಡಿದು ನಿಂತ ಹೆಂಗಸೊಬ್ಬಳು ಕಂಕುಳ ಕೂಸನ್ನು ಮಾನಸಳ ಕಡೆ ಚಾಚಿದಳು. ಮಾನಸ ಅದನ್ನು ಮಡಿಲಿಗಿಳಿಸಿಕೊಂಡು, ಅದರ ತಲೆಯ ಮೇಲೆ ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದಳು.