ಮೂವತ್ತು ಡಿಗ್ರಿಯ ಭಾನುವಾರಗಳು

ಇಡೀ ಸಂಶೋಧನಾಲಯಕ್ಕೆ ಅವಳು ಹುಳದಕ್ಕ. ಹಿಟ್ಟಿನ ಬಾಟಲಿಗಳಲ್ಲಿ ಹುಳ ಸಾಕುವುದೇ ಅವಳ ಕೆಲಸ. ಮನೆಯ ಹಿಟ್ಟಿನಲ್ಲಿ ಒಂದೇ ಒಂದು ಕಂಡರೂ ಡಬ್ಬದ ಸಮೇತ ಎಸೆಯುತ್ತಿದ್ದಳು, ಅದು ಬೇರೆ ಮಾತು.

ಸಂಶೋಧನೆ ನಡೆಸುತ್ತಿದ್ದ ಮೇಡಂ ಅವಳಿಗೆ ಒಪ್ಪಿಸಿದ್ದು ಆ ಬಾಟಲಿಗಳನ್ನಿಡುವ ಎರಡು ಕಾವಿನ ಬೀರು, ಒಳಗಿನ ಶಾಖವನ್ನು ಬೇಕಾದಷ್ಟಕ್ಕೇ ನಿಲ್ಲಿಸುವಂಥವು. ಒಂದರ ಶಾಖವನ್ನು ದಿನಾ ಬೆಳಿಗ್ಗೆ ಚೀಟಿ ಎತ್ತಿ, ಅದರಲ್ಲಿ ಬಂದಂತೆ ಬದಲಿಸಬೇಕು: ಇವತ್ತು ಸುಡುಬಿಸಿ, ನಾಳೆ ಕೊರೆವ ಚಳಿ. ಇನ್ನೊಂದು ಸದಾ ಮೂವತ್ತು ಡಿಗ್ರಿ. ನಾಳೆ ಹೇಗೋ ಏನೋ ಎಂದು ಬದುಕಿದ ಹುಳಗಳ ಸಂತತಿ ತಲೆಮಾರು ಕಳೆದಂತೆ ಎಂಥದ್ದನ್ನೂ ತಾಳಿಕೊಳ್ಳುತ್ತದೆ, ಸುಖದಲ್ಲಿ ಬೆಳೆದದ್ದು ತಾಳುವುದಿಲ್ಲ ಎಂಬುದು ಮೇಡಂ ಅವರ ಊಹೆ.

ಭಾನುವಾರ ಆಗೀಗ ಕರೆಂಟು ಹೋಗುತ್ತಿತ್ತು. ಮತ್ತೆ ಬಂದಾಗ ಮೂವತ್ತರ ಬೀರಿನ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಅದು ಬಿಸಿಯಾಗದು. ಭಾನುವಾರ ಚೀಟಿಗೆ ರಜೆ, ಗುಂಡಿಗೆ ರಜೆಯಿಲ್ಲ. ಒಂದು ಭಾನುವಾರ ಹುಳದಕ್ಕನಿಗೆ ಎದ್ದು ಬರಲು ಮನಸ್ಸಾಗಲಿಲ್ಲ. ಸೋಮವಾರ ಬಂದರೆ ಬೀರು ತಣ್ಣಗಿತ್ತು, ಹುಳಗಳು ಬದುಕಿದ್ದವು. ದಾಖಲೆ ಪುಸ್ತಕದಲ್ಲಿ ‘ಮೂವತ್ತು’ ಎಂದು ಬರೆದಳು. ಹುಳಗಳೇನು ಚಾಡಿ ಹೇಳುತ್ತವೆಯೇ? ಆಮೇಲೆ ಅದೇ ರೂಢಿಯಾಯಿತು.

ನಾಲ್ಕು ವರ್ಷದ ನಂತರ ಎರಡೂ ಬೀರಿನ ಹುಳಗಳನ್ನು ಚಳಿಗಿಟ್ಟು ನೋಡಿದರು. ಎರಡೂ ಒಂದೇ ಸಮ ಬದುಕಿದವು. ಮೇಡಂ ಕೈಚೆಲ್ಲಿ ಕುಳಿತರು.

“ನನ್ನ ಊಹೆನೇ ತಪ್ಪು ಅಕ್ಕ. ಹಾಗಂತಲೇ ಬರೆದು ಮುಗಿಸ್ತೀನಿ. ನೀವು ಮಾತ್ರ ಒಂದು ದಿನಾನೂ ತಪ್ಪಿಸ್ಲಿಲ್ಲ, ಅದನ್ನೂ ಬರೀತೀನಿ.”

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಹುಳದಕ್ಕನಿಗೆ. ಹುಳಗಳು ಚಾಡಿ ಹೇಳಿಯೇ ಬಿಟ್ಟಿದ್ದವು. ಮೇಡಂಗೆ ಅರ್ಥವಾಗಿರಲಿಲ್ಲ, ಅಷ್ಟೆ.

“ತಪ್ಪು ನಿಮ್ಮ ಊಹೇದಲ್ಲ ಮೇಡಂ, ನಂದು,” ಎಂದಳು ತಲೆತಗ್ಗಿಸಿ. “ಎಷ್ಟೋ ಭಾನುವಾರ ನಾನು ಬರ್ತಿರಲಿಲ್ಲ. ಕರೆಂಟು ಹೋದಾಗೆಲ್ಲ ಮೂವತ್ತರ ಬೀರಿನವೂ ಚಳೀಲೇ ಇದ್ದು ತಾಳೋದು ಕಲ್ತುಬಿಟ್ವು.”

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ದಾಖಲೆ ಪುಸ್ತಕ ಮುಂದಿಟ್ಟು, ಕೆಂಪು ಪೆನ್ನು ಕೊಟ್ಟು, ಬಾರದ ದಿನಗಳನ್ನು ಹೊಡೆದುಹಾಕಲು ಹೇಳಿ ಕಿಟಕಿಯತ್ತ ತಿರುಗಿದರು.

ಹುಳದಕ್ಕ ಪುಟ ಮಗುಚಿದಳು. ಮಂಡಿನೋವಿನಲ್ಲೂ ನಡೆದು ಬಂದು ಗುಂಡಿ ಒತ್ತಿದ ಭಾನುವಾರಗಳೂ ಇದ್ದವು, ದೇವರಾಣೆಗೂ ಇದ್ದವು. ಆದರೆ ಯಾವುವು? ಎಲ್ಲ ಕಡೆ ಅದೇ ಕೈಬರಹ, ಅದೇ ಮೂವತ್ತು. ಎಷ್ಟು ನೆನೆದರೂ ಒಂದೂ ಹೊಳೆಯಲಿಲ್ಲ. ಕೊನೆಗೆ ಪೆನ್ನು ಎತ್ತಿಕೊಂಡು ನಾಲ್ಕು ವರ್ಷದ ಒಂದೊಂದು ಭಾನುವಾರಕ್ಕೂ ಗೀಟು ಎಳೆದಳು.