ಜಾಗ ಸಾಲದ ಮಾತು

ವೆಲ್ಶ್ ನಾಡಿನ ಕಡಲಂಚಿನ ನಮ್ಮೂರಿನಲ್ಲಿ ಅರ್ಧಕ್ಕರ್ಧ ಜನರ ಮನೆಹೆಸರು ಜೋನ್ಸ್. ಹಾಗಾಗಿ ಮನೆಹೆಸರಿನಿಂದ ಯಾರಿಗೂ ಉಪಯೋಗವಿಲ್ಲ. ಮಾಡುವ ಕೆಲಸವೇ ಹೆಸರಿಗೆ ಅಂಟಿಕೊಳ್ಳುತ್ತದೆ. ಬ್ರೆಡ್ಡು ಮಾರುವವನು ಬ್ರೆಡ್ಡು ಹ್ಯೂ, ಶವಪೆಟ್ಟಿಗೆ ಮಾಡಿಕೊಡುವವನು ಪೆಟ್ಟಿಗೆ ಎಲ್ವಿನ್. ನನ್ನಪ್ಪ ಗ್ಯಾರೇಜ್ ಇಯೆಸ್ಟಿನ್, ಆದ್ದರಿಂದ ನಾನು ಹುಟ್ಟುತ್ತಲೇ ಗ್ಯಾರೇಜ್ ಮೆಲೆರಿ. ಫೆಬ್ರವರಿಯಲ್ಲಿ ಅಪ್ಪ ಯಾರದೋ ವ್ಯಾನಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗಲೇ ಎದೆ ನಿಂತು ಸತ್ತ. ಗ್ಯಾರೇಜಿನ ಬಾಗಿಲು ಮುಚ್ಚಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಊರಿಗೆಲ್ಲ ಸುದ್ದಿ ಗೊತ್ತಿದ್ದರಿಂದ ಅಪ್ಪ ಸತ್ತನೆಂದು ನಾನು ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ. ಹೇಳುವ ಮೊದಲೇ ಜನ ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಮ್ಮ ಬೆಣ್ಣೆ ಸವರಿ ಕೊಟ್ಟಳು, ನಾನು ತಿಂದೆ. ಶವಸಂಸ್ಕಾರದ ದಿನ ಚಾಪೆಲ್ಲಿನ ಪ್ರಾರ್ಥನೆಯಲ್ಲಿ ಎಲ್ಲರೂ ಹಾಡಿದಾಗ ನಾನೂ ಹಾಡಿದೆ, ರಾಗವೂ ತಪ್ಪಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಅನ್ನಿಸುವ ಹಾಗೆ, ನಾನು ಪೂರ್ತಿ ಹಾಗಿದ್ದೆ. ಬೇಸಿಗೆ ಕಳೆದರೂ ಮದ್ದು ಇಳಿದಿರಲಿಲ್ಲ.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದಾಗ ನಮ್ಮ ತರಗತಿಗೆಲ್ಲ ಒಂದೇ ಜ್ವರ: ಯೂನಿವರ್ಸಿಟಿಗೆ ಕಳಿಸುವ ಸ್ವಪರಿಚಯದ ಬರಹ. ನಾನು ಯಾರು, ಈ ವಿಷಯವೇ ಏಕೆ ಬೇಕು ಎಂದು ನಮ್ಮನ್ನು ಕಂಡೇ ಇರದವರಿಗೆ ನಮ್ಮನ್ನು ನಾವೇ ಹೊಗಳಿಕೊಂಡು ಬರೆಯಬೇಕು. ನಮ್ಮೂರಲ್ಲಿ ಯಾರಾದರೂ ಹಾಗೆ ಮಾಡಿದರೆ ಕ್ರಿಸ್‌ಮಸ್‌ವರೆಗೂ ಆಡಿಕೊಂಡು ನಗುತ್ತಾರೆ. ಅದೂ ಇಂಗ್ಲಿಷಿನಲ್ಲಿ ಬರೆಯಬೇಕು. ಮನೆಯಲ್ಲಿ, ಬೀದಿಯಲ್ಲಿ, ಜಗಳದಲ್ಲಿ ನಮ್ಮದು ವೆಲ್ಶ್ ಭಾಷೆ. ಇಂಗ್ಲಿಷೇನಿದ್ದರೂ ಪರೀಕ್ಷೆಗೆ ಮತ್ತು ಬೇಸಿಗೆಯಲ್ಲಿ ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಎಳೆದುಕೊಂಡು ಕಡಲಿಗೆ ಬರುವ ಇಂಗ್ಲಿಷರಿಗೆ.

ನಮ್ಮ ಟೀಚರು ಪ್ರಿದರ್ಕ್ ಮಿಸ್ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. "ಅಪ್ಪನ ವಿಷಯ ಮೊದಲನೇ ಸಾಲಲ್ಲೇ ಬರ್ಲಿ, ಮೆಲೆರಿ. ಅಲ್ಲಿ ಅವ್ರು ರಾಶಿ ರಾಶಿ ಓದ್ತಾರೆ. ನಿನ್ನದು ಬಂದಾಗ ಕೈ ನಿಲ್ಲಬೇಕು."

ಪಕ್ಕದ ಮೇಜಿನಿಂದ ಗೆಳತಿ ನೊನ್ ತಲೆ ಎತ್ತಿದಳು. "ನಿಂಗಾದ್ರೂ ಒಂದು ಸಾವಿದೆ ಕಣೇ. ನಂಗೇನಿದೆ ಬರಿಯೋಕೆ? ನಮ್ಮಜ್ಜಿ ನೋಡಿದ್ರೆ ತೊಂಬತ್ತಾದ್ರೂ ಗುಂಡುಕಲ್ಲಿನ ಹಾಗಿದ್ದಾಳೆ."

"ನಂದೇ ತಗೋ ಹೋಗೇ," ಅಂದೆ. "ನಾನೇನೂ ಉಪಯೋಗಿಸ್ತಿಲ್ಲ."

ಇಬ್ಬರೂ ಕಿಸಕ್ಕನೆ ನಕ್ಕೆವು. ಮಿಸ್ ಮುಖ ಕೆಂಪಗಾಯಿತು. ಅವರನ್ನು ಸಮಾಧಾನ ಮಾಡುವುದಕ್ಕಾಗಿಯೇ ಬರೆಯುತ್ತೇನೆಂದು ಒಪ್ಪಿಕೊಂಡೆ.

ಬರೆದೆ ಕೂಡ. "ನನ್ನ ದಿವಂಗತ ತಂದೆ ಒಂದು ಗ್ಯಾರೇಜು ನಡೆಸುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಒಳಗೆ ಏನು ಕೆಟ್ಟಿದೆಯೆಂದು ಹೇಳುತ್ತಿದ್ದರು. ಅವರು ಹಾಗೆ ಕೇಳುತ್ತಿರುವಾಗ ಹತ್ತಿರ ಯಾರೂ ಮಾತಾಡುವಂತಿರಲಿಲ್ಲ." ಎಂಜಿನಿಯರಿಂಗ್ ಏಕೆ ಬೇಕೆಂಬುದೆಲ್ಲ ಅಲ್ಲಿಂದಲೇ ಹುಟ್ಟಿಕೊಂಡಿತು. ಟೈರು ಮಾರುವ ಜಾಹೀರಾತು ಬರೆಯುತ್ತಿರುವ ಹಾಗೆ ಬೆರಳುಗಳು ಓಡುತ್ತಿದ್ದವು, ಒಳಗೆ ಏನೂ ಅಲುಗಲಿಲ್ಲ.

ತೊಂದರೆ ಬಂದದ್ದು ಉದ್ದದಿಂದ. ನಾಲ್ಕು ಸಾವಿರ ಅಕ್ಷರಕ್ಕಿಂತ ಹೆಚ್ಚಾಗುವಂತಿಲ್ಲ; ಪದಗಳ ನಡುವಿನ ಖಾಲಿ ಜಾಗವೂ ಅಕ್ಷರವೆಂದೇ ಲೆಕ್ಕ. ಅಡಿಗೆಮನೆಯ ಮೇಜಿನ ಮೇಲೆ ಕಂಪ್ಯೂಟರು ಇಟ್ಟುಕೊಂಡು ಕತ್ತರಿಸುತ್ತ ಕೂತೆ. ಮಿಸ್ ತುರುಕಿದ್ದ 'ಅದಮ್ಯ ಆಸಕ್ತಿ' ಹೋಯಿತು, ಚಾಪೆಲ್ಲಿನ ಹಾಡಿನ ಬಹುಮಾನ ಹೋಯಿತು. ಪರದೆಯ ಮೂಲೆಯಲ್ಲಿ ಅಕ್ಷರ ಎಣಿಸುವ ಸಂಖ್ಯೆ ಇನ್ನೂ ಕೆಂಪಗೇ ಇತ್ತು. ಸ್ಕ್ರೂಡ್ರೈವರನ್ನು ಕಿತ್ತರೆ ಉಳಿದದ್ದೆಲ್ಲ ಕುಸಿಯುತ್ತದೆ. ಕೊನೆಗೆ 'ದಿವಂಗತ' ತೆಗೆದೆ. 'ನಡೆಸುತ್ತಿದ್ದರು' ಇದ್ದದ್ದನ್ನು 'ನಡೆಸುತ್ತಾರೆ' ಮಾಡಿದೆ, 'ಹೇಳುತ್ತಿದ್ದರು' ಇದ್ದದ್ದನ್ನು 'ಹೇಳುತ್ತಾರೆ' ಮಾಡಿದೆ, 'ಮಾತಾಡುವಂತಿರಲಿಲ್ಲ' ಇದ್ದದ್ದನ್ನು 'ಮಾತಾಡುವಂತಿಲ್ಲ' ಮಾಡಿದೆ. ಇಂಗ್ಲಿಷಿನಲ್ಲಿ ಅವೆಲ್ಲ ಪುಟ್ಟ ಪುಟ್ಟ ಪದಗಳು, ಆದರೂ ಸಾಕಾಯಿತು. ಸಂಖ್ಯೆ ಕಪ್ಪಾಯಿತು.

ತಟ್ಟೆ ಒರೆಸುತ್ತಿದ್ದ ಅಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"'ನಡೆಸ್ತಾರೆ' ಅಂತಿದೆಯಲ್ಲೇ?"

"ಜಾಗ ಸಾಲ್ಲಿಲ್ಲಮ್ಮ."

ಒರೆಸಿದ ತಟ್ಟೆಯನ್ನೇ ಅಮ್ಮ ಇನ್ನೊಮ್ಮೆ ಒರೆಸಿದಳು. "ಇರ್ಲಿ ಬಿಡು ಹಾಗಾದ್ರೆ. ಅಲ್ಲಿಂದ ಯಾರು ಬಂದು ನೋಡ್ತಾರೆ."

ತಿದ್ದಿದ್ದನ್ನು ಮಿಸ್‌ಗೆ ತೋರಿಸಿದರೆ ಬಿಡುವವರಲ್ಲ, ಅದಕ್ಕೇ ತೋರಿಸದೆ ಕಳಿಸಿಬಿಟ್ಟೆ. ದೂರದ ಊರಿನಲ್ಲಾದರೂ ಅಪ್ಪ ಬದುಕಿರಲಿ ಎಂದೆಲ್ಲ ನಾನು ಆಸೆಪಟ್ಟಿರಲಿಲ್ಲ. ಗುಂಡಿ ಒತ್ತಿದೆ, ಹೋಗಿ ಮಲಗಿದೆ.

ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿಗೆ ಸಂದರ್ಶನಕ್ಕೆ ಕರೆದರು. ಹಾರ್‌ಗ್ರೀವ್ಸ್ ಎಂಬ ವಯಸ್ಸಾದ ಪ್ರೊಫೆಸರು, ಸ್ವೆಟರಿನ ಮೊಣಕೈ ಸವೆದಿತ್ತು. ನನ್ನ ಬರಹ ಅವರ ಮುಂದಿತ್ತು, ಸ್ಕ್ರೂಡ್ರೈವರಿನ ಸಾಲಿಗೆ ಅಡಿಗೆರೆ ಬಿದ್ದಿತ್ತು.

"ನನ್ನದೊಂದು ಹಳೇ ಕಾರಿದೆ," ಅಂದರು. "ಬೆಳಿಗ್ಗೆ ತಣ್ಣಗಿದ್ದಾಗ ಟಿಕ್ ಟಿಕ್ ಅನ್ನುತ್ತೆ. ಬಿಸಿಯಾದ ಮೇಲೆ ಸದ್ದೇ ಇಲ್ಲ. ಯಾಕಿರಬಹುದು?"

"ಹೊಗೆ ಹೊರಗೆ ಹೋಗೋ ಕೊಳವೆಯ ಜೋಡಣೆ ಹತ್ರ ಸಂದಿ ಬಿಟ್ಟಿರುತ್ತೆ ಸರ್. ಕಾದಾಗ ಕಬ್ಬಿಣ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತೆ."

"ತಂದೆ ಹೇಳಿಕೊಟ್ಟಿದ್ದಾ?"

"ಹೂಂ."

ಅವರ ಮುಖ ನೋಡಿದರೆ ಸೀಟು ಸಿಕ್ಕ ಹಾಗೇ ಇತ್ತು. ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಒಂದು ವಿಷಯ ಗೊತ್ತಾ? ನಿಮ್ಮೂರ ಕಡಲ ಹತ್ತಿರ ನಮ್ಮದೂ ಒಂದು ಕ್ಯಾರವಾನ್ ಇದೆ. ಈಸ್ಟರಿಗೆ ಬರ್ತೀವಿ. ಕಾರನ್ನ ನಿಮ್ಮ ತಂದೆಗೇ ತೋರಿಸಿಬಿಡ್ತೀನಿ. ಶನಿವಾರ ಗ್ಯಾರೇಜು ತೆಗೆದಿರ್ತಾರಾ?"

ಯಾರು ಬಂದು ನೋಡ್ತಾರೆ ಅಂದಿದ್ದ ಅಮ್ಮನ ಮಾತು ಸುಳ್ಳಾಯಿತಲ್ಲ ಅಂದುಕೊಂಡೆ. ಹೌದು ಅಂದರೆ ಈಸ್ಟರಿಗೆ ಈ ಮನುಷ್ಯ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾರೆ, ಬ್ರೆಡ್ಡು ಹ್ಯೂ ಇವರಿಗೆ ಎಲ್ಲ ಹೇಳುತ್ತಾನೆ, ನಾನು ಸುಳ್ಳಿಯಾಗುತ್ತೇನೆ. ಅಪ್ಪನೇ ಇಲ್ಲ ಅಂದರೆ ಇಲ್ಲೇ, ಈಗಲೇ ಸುಳ್ಳಿ. ಎರಡರಲ್ಲೂ ಸೀಟು ಕೈಬಿಟ್ಟು ಹೋಗುವುದೇ. ಈಸ್ಟರ್ ದೂರವಿದೆ, ಹೌದು ಅಂದುಬಿಡೋಣ ಎಂದು ಬಾಯಿ ತೆರೆದೆ.

"ಮಾ ಓ ವೆದಿ ಮಾರೂ," ಅಂದೆ.

ನಮ್ಮ ವೆಲ್ಶಿನಲ್ಲಿ ಬಂದಿತ್ತು. ಎಲ್ಲಿತ್ತೋ, ತಾನಾಗಿಯೇ ಬಂದಿತ್ತು. ಪ್ರೊಫೆಸರ ಮುಖ ಅರಳಿತು, ಪೆನ್ನು ತೆಗೆದರು.

"ಮಾರೂ? ಗ್ಯಾರೇಜಿನ ಹೆಸರಾ? ನಿಮ್ಮ ಕಡೆ ಹೆಸರುಗಳನ್ನ ಬರೆಯೋದೇ ನನಗೊಂದು ಕಷ್ಟ. ಒಂದೊಂದೇ ಅಕ್ಷರ ಹೇಳಿ."

"ಎಂ," ಅಂದೆ. "ಎ. ಆರ್. ಡಬ್ಲ್ಯೂ."

ಅಪ್ಪನ ಸಾಲಿನ ಪಕ್ಕದಲ್ಲೇ ಕಾಗದದ ಅಂಚಿನಲ್ಲಿ ಅದನ್ನು ದೊಡ್ಡದಾಗಿ ಬರೆದುಕೊಂಡರು. ಕೆಳಗೆ 'ಶನಿವಾರ' ಎಂದೂ ಬರೆದು ಪ್ರಶ್ನೆಯ ಗುರುತು ಹಾಕಿದರು. ಇಷ್ಟೆಲ್ಲ ಬರೆದರೂ ಅಂಚಿನಲ್ಲಿ ಇನ್ನೂ ಜಾಗ ಉಳಿದಿತ್ತು.

"ಅದು ಹೆಸರಲ್ಲ ಸರ್," ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಸತ್ತುಹೋದರು ಅಂತ. ನಮ್ಮಪ್ಪ ಸತ್ತುಹೋದರು."

ಹೇಳಿದ ಕೂಡಲೇ ನೋವಾಯಿತು. ಎಲ್ಲಿ ಅಂತ ತೋರಿಸಲಾಗದ ಹಾಗೆ ಮೈಯೆಲ್ಲ ನೋವಾಯಿತು. ಮೂಗು ಸೋರುತ್ತಿತ್ತು, ಕರ್ಚೀಫು ತಂದಿರಲಿಲ್ಲ. ಪ್ರೊಫೆಸರು ಪೆನ್ನು ಕೆಳಗಿಟ್ಟರು. ಬರಹವನ್ನು ಪಕ್ಕಕ್ಕೆ ಸರಿಸಿದರು.

"ಹೇಗಾಯ್ತು?" ಅಂದರು.

ಅದುವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

"ನಾನು ಚಹಾ ತಗೊಂಡು ಹೋದೆ ಸರ್," ಅಂದೆ. "ವ್ಯಾನಿನ ಎಂಜಿನ್ನು ಓಡ್ತಾ ಇತ್ತು. ಕೆಳಗಿಂದ ಅಪ್ಪನ ಬೂಟಷ್ಟೇ ಕಾಣ್ತಿತ್ತು. ಸದ್ದು ಕೇಳಿಸ್ಕೋತಿದ್ದಾರೆ ಅಂದ್ಕೊಂಡು, ಮಾತಾಡಿಸದೆ ಲೋಟ ಅಲ್ಲೇ ಇಟ್ಟು ಬಂದೆ."